ಕೆರೆಯಂಗಳದ ಬಿಡಾರ: ಟೆಂಟು ಬರುವುದಕ್ಕೂ ಮುಂಚಿನ ಕಥೆ

ಹೋದ ಬೇಸಿಗೆಯಲ್ಲಿ ಬೋರನಕಣಿವೆ ಜಲಾಶಯದ ಅಂಚಿನಲ್ಲಿ ಒಂದೇ ಸಂಜೆ ಎರಡು ಬಿಡಾರ ನೋಡಿದೆವು.

ಒಂದು ಬೆಂಗಳೂರಿನಿಂದ ಬಂದಿದ್ದ ಹುಡುಗರದು. ಕಿತ್ತಳೆ ಬಣ್ಣದ ಮೂರು ಟೆಂಟು, ಮಡಚುವ ಕುರ್ಚಿ, ಬ್ಯಾಟರಿ ದೀಪ, ಗ್ಯಾಸ್ ಒಲೆ. ಇನ್ನೊಂದು ಕುರಿಯವರದು. ಕೂಗಿದರೆ ಕೇಳುವಷ್ಟು ದೂರದಲ್ಲಿ ಬಲೆ ಕಟ್ಟಿ ಕುರಿ ಕೂಡಿದ್ದರು. ಮೂರು ಕಲ್ಲಿನ ಒಲೆಯ ಮೇಲೆ ಹಿಟ್ಟು ಬೇಯುತ್ತಿತ್ತು. ಎರಡು ನಾಯಿ, ಒಂದು ಕತ್ತೆ, ನಾಲ್ಕು ಕಂಬಳಿ.

ದಾರಿಯಲ್ಲಿ ಹೋಗುತ್ತಿದ್ದ ಬೈಕಿನವರೆಲ್ಲ ನಿಲ್ಲಿಸಿ ಫೋಟೊ ತೆಗೆದದ್ದು ಟೆಂಟಿನದು. ನಾವೂ ಮೊದಲು ಅತ್ತಲೇ ಹೋದೆವು ಎಂದು ಒಪ್ಪಿಕೊಳ್ಳಬೇಕು. 'ಜಿಲ್ಲೆಯಲ್ಲಿ ಹೊಸ ಟ್ರೆಂಡ್: ಕೆರೆ ದಡದಲ್ಲಿ ಕ್ಯಾಂಪಿಂಗ್' ಎಂಬ ಸುದ್ದಿ ನಮ್ಮ ತಲೆಯಲ್ಲಿ ಆಗಲೇ ರೆಡಿಯಾಗಿತ್ತು.

ಹುಡುಗರು ಒಳ್ಳೆಯವರು, ಟೀ ಕೊಟ್ಟರು. ಅವರಲ್ಲೊಬ್ಬ ಕುರಿಯವರ ಕಡೆ ಕೈ ತೋರಿಸಿ, "ಅವರಿಗೆ ಇಲ್ಲಿ ಇರೋಕೆ ಪರ್ಮಿಷನ್ ಇದೆಯಾ ಸರ್?" ಎಂದು ಕೇಳಿದ.

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಎದ್ದು ಕುರಿಯವರ ಕಡೆ ಹೋದೆವು. ಮಂದೆಯ ಹಿರಿಯರು ನಮ್ಮನ್ನು ನೋಡಿ, "ಬನ್ರಣ್ಣ, ಕೂತ್ಕಳಿ. ಪೇಪರ್ನೋರಾ?" ಎಂದರು. ಹುಡುಗನ ಪ್ರಶ್ನೆಯನ್ನು ಅವರ ಮುಂದೆ ಇಟ್ಟೆವು. ಅವರು ನಕ್ಕರು. "ನಮ್ಮಪ್ಪ ಇಲ್ಲೇ ಇಳೀತಿದ್ದ, ಅವರಪ್ಪನೂ ಇಲ್ಲೇ ಇಳೀತಿದ್ದ. ಆವಾಗ ಯಾರೂ ಕೇಳ್ತಿರಲಿಲ್ಲ ಕಣಣ್ಣ. ಈಗ ಎಲ್ಲರೂ ಕೇಳ್ತಾರೆ."

ಆ ಸುದ್ದಿ ನಾವು ಬರೆಯಲಿಲ್ಲ. ಅದರ ಬದಲು ಇದನ್ನು ಬರೆಯುತ್ತಿದ್ದೇವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೆರೆ ಪಕ್ಕ, ಗುಡ್ಡದ ಮಗ್ಗುಲಲ್ಲಿ, ಬಯಲಿನಲ್ಲಿ ರಾತ್ರಿ ಕಳೆದವರು ಯಾರು? ಅವರಿಗೆ ಜಾಗ ಕೊಟ್ಟವರು ಯಾರು? ಆ ಜಾಗ ಈಗ ಎಲ್ಲಿ ಹೋಯಿತು?

ಮಾತಿನಲ್ಲೇ ಉಳಿದಿರುವ ಚರಿತ್ರೆ

ಹೊರಗೆ ರಾತ್ರಿ ಕಳೆಯುವುದಕ್ಕೆ ನಮ್ಮ ಭಾಷೆಯಲ್ಲಿ ಎಷ್ಟು ಮಾತಿದೆ ನೋಡಿ. ಬೀಡು, ಬಿಡಾರ, ಡೇರೆ, ಗುಡಾರ, ತಂಗು, ಇಳಿ, ಮೊಕ್ಕಾಂ. ದನ ಕುರಿ ರಾತ್ರಿ ಕೂಡುವುದಕ್ಕೆ ದೊಡ್ಡಿ, ರೊಪ್ಪ, ಮಂದೆ, ಹಟ್ಟಿ. ಒಂದೊಂದು ಮಾತಿನ ಹಿಂದೆಯೂ ಒಂದೊಂದು ಕಸುಬಿನ ಜನ ಇದ್ದಾರೆ. ಬೀಡು ದಂಡಿನವರದು, ಮೊಕ್ಕಾಂ ಅಮಲ್ದಾರರದು, ರೊಪ್ಪ ಕುರಿಯವರದು.

ಊರಿನ ಹೆಸರುಗಳನ್ನೂ ಒಮ್ಮೆ ಬಾಯಲ್ಲಿ ಹೇಳಿ ನೋಡಿ. ತುರುವೇಕೆರೆ ತಾಲ್ಲೂಕಿನ ದಂಡಿನಶಿವರದಲ್ಲಿ 'ದಂಡು' ಇದೆ. ತುರುವೇಕೆರೆ ಎನ್ನುವಾಗ 'ತುರು' ಮತ್ತು 'ಕೆರೆ' ಕಿವಿಗೆ ಬೀಳುತ್ತವೆ. ಹಳಗನ್ನಡದಲ್ಲಿ ತುರು ಎಂದರೆ ದನ. ತುರುಗಳ ಕಾಳಗದಲ್ಲಿ, ಅಂದರೆ ಊರಿನ ದನ ಹೊಡೆದುಕೊಂಡು ಹೋಗಲು ಬಂದವರ ಎದುರು ನಿಂತು ಸತ್ತವರಿಗೆ ನಿಲ್ಲಿಸಿದ ವೀರಗಲ್ಲುಗಳು ಕರ್ನಾಟಕದ ತುಂಬ ಇವೆ. ಕಲ್ಲಿನಲ್ಲಿ ಕೆಳಗೆ ದನದ ಸಾಲು, ನಡುವೆ ಬಿಲ್ಲು ಹಿಡಿದವನು, ಮೇಲೆ ಅವನನ್ನು ಸ್ವರ್ಗಕ್ಕೆ ಕರೆದೊಯ್ಯುವ ಹೆಂಗಸರು. ದನವೇ ಹಣವಾಗಿದ್ದ ಕಾಲ ಅದು. ದನ ಕಾಯುವವನು ರಾತ್ರಿ ಮನೆಯಲ್ಲಿ ಮಲಗುವಂತಿರಲಿಲ್ಲ.

ಪಕ್ಕದ ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಕಾಡುಗೊಲ್ಲರ ಜುಂಜಪ್ಪನ ನೆಲೆ ಇದೆ. ನಮ್ಮ ಕಡೆಯಿಂದಲೂ ನಡೆದುಕೊಳ್ಳುವವರು ಇದ್ದಾರೆ. ಜುಂಜಪ್ಪ ದನ ಕಾಯ್ದ ವೀರ. ಹುಲ್ಲು ನೀರು ಹುಡುಕಿಕೊಂಡು ದನದ ಹಿಂದೆ ಅಲೆದವನು ದೇವರಾಗಿದ್ದಾನೆ ಎಂದರೆ ಆ ಬದುಕಿಗೆ ಇದ್ದ ಬೆಲೆ ಎಷ್ಟೆಂದು ತಿಳಿಯಬಹುದು.

ಬೆಣ್ಣೆ ಚಾವಡಿಯ ದನ, ಕೆರೆಯಂಗಳದ ಬೇಸಿಗೆ

ನಮ್ಮ ಸೀಮೆಯಲ್ಲಿ 'ಕಾವಲ್' ಎಂದು ಕೊನೆಯಾಗುವ ಜಾಗಗಳು ಬೇಕಾದಷ್ಟಿವೆ. ಪಹಣಿಯಲ್ಲೂ ಆ ಹೆಸರು ಕಾಣುತ್ತದೆ. ಏನದು ಕಾವಲ್?

ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673ರಿಂದ 1704) ಅರಮನೆಯ ದನಗಳ ನಿರ್ವಹಣೆಗೆ ಒಂದು ಇಲಾಖೆ ಮಾಡಿದರು. ಅದರ ಹೆಸರು ಬೆಣ್ಣೆ ಚಾವಡಿ. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು, ತಳಿ ಬೆಳೆಸುವುದು ಅದರ ಕೆಲಸ. ಈ ದನಗಳ ಮೇವಿಗೆಂದು ಸಂಸ್ಥಾನದ ಬೇರೆ ಬೇರೆ ಕಡೆ ಹುಲ್ಲುಗಾವಲು ಮೀಸಲಿಟ್ಟರು. ಕಾಯ್ದಿಟ್ಟ ಜಾಗವೇ ಕಾವಲು.

ಹೈದರಾಲಿಯ ಕಾಲಕ್ಕೆ ಈ ಹೋರಿಗಳು ತೋಪು ಎಳೆಯುವ ದಂಡಿನ ಎತ್ತುಗಳಾದವು. ಚಿದಂಬರಂ ಕಡೆಗೆ ಹೈದರನ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ಹೋದದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರಿನ ಗೆಜೆಟಿಯರ್ ದಾಖಲಿಸಿದೆ. ಟಿಪ್ಪು ಇಲಾಖೆಯ ಹೆಸರನ್ನು ಅಮೃತ್ ಮಹಲ್ ಎಂದು ಬದಲಿಸಿದ. ಆ ಹೆಸರೇ ಉಳಿಯಿತು, ತಳಿಗೂ ಅದೇ ಹೆಸರಾಯಿತು.

ನಮಗೆ ಮುಖ್ಯವಾದದ್ದು ಆ ದನ ಮೇಯಿಸುತ್ತಿದ್ದ ಪದ್ಧತಿ. ಕಾವಲುಗಳನ್ನು ಮೂರು ಬಗೆ ಮಾಡಿದ್ದರು: ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ದನದ ಹಿಂಡು ಒಂದೇ ಕಡೆ ಇರುತ್ತಿರಲಿಲ್ಲ. ಕಾಲಕ್ಕೆ ತಕ್ಕಂತೆ ಕಾವಲಿನಿಂದ ಕಾವಲಿಗೆ ಹೋಗುತ್ತಿತ್ತು. ಹಿಂಡಿನ ಜತೆ ಕಾಯುವವರೂ ಹೋಗುತ್ತಿದ್ದರು, ಅವರ ಮೇಲೆ ಸೇರ್ವೆಗಾರರು.

ಬೇಸಿಗೆ ಕಾವಲು ಎಂದರೆ ಹೆಚ್ಚಾಗಿ ಕೆರೆಯಂಗಳ. ಚೈತ್ರ ವೈಶಾಖದಲ್ಲಿ ಬಯಲೆಲ್ಲ ಒಣಗಿ ನಿಂತಾಗ, ನೀರು ಹಿಂದೆ ಸರಿದ ಕೆರೆಯಂಗಳದಲ್ಲಿ ಹಸಿ ಹುಲ್ಲು ಬರುತ್ತದೆ. ಕುಡಿಯಲು ನೀರಿದೆ. ಏರಿ ಪಕ್ಕದ ಮರದ ನೆರಳಿದೆ. ಮೂರೂ ಒಂದೇ ಕಡೆ ಸಿಗುವುದು ಅಲ್ಲಿ ಮಾತ್ರ. ಹಾಗಾಗಿ ಎಲ್ಲ ಕಾವಲುಗಳಲ್ಲಿ ಇವಕ್ಕೇ ಬೆಲೆ ಹೆಚ್ಚು, ಕಾವಲೂ ಜಾಸ್ತಿ. ಮಳೆ ಬಿದ್ದು ಕೆರೆಗೆ ನೀರು ಬಂದರೆ ಬಿಡಾರ ಕಿತ್ತು ಮೇಲಿನ ಬಯಲಿಗೆ ಹೋಗಬೇಕು.

ಈ ದನಕ್ಕೆ ಕೊಟ್ಟಿಗೆ ಇರಲಿಲ್ಲ. ಮಳೆ, ಬಿಸಿಲು, ಚಳಿ ಎಲ್ಲ ಬಯಲಿನಲ್ಲೇ. ಕಾಯುವವನಿಗೂ ಅಷ್ಟೆ. ಅವನ ಮನೆ ಎಂದರೆ ಹೆಗಲ ಮೇಲಿನ ಕಂಬಳಿ. ಮಳೆ ಬಂದರೆ ಅದನ್ನೇ ಮಡಚಿ ತಲೆ ಮೇಲೆ ಕೊಪ್ಪೆ ಹಾಕಿಕೊಳ್ಳುತ್ತಿದ್ದ, ರಾತ್ರಿ ಅದನ್ನೇ ಹಾಸಿ ಅದನ್ನೇ ಹೊದೆಯುತ್ತಿದ್ದ. ಚಿಕ್ಕನಾಯಕನಹಳ್ಳಿ ಕಂಬಳಿಗೆ ಹೆಸರಾದ ಊರು. ಹೊರಗೆ ಮಲಗುವ ಜನ ಇದ್ದುದರಿಂದ ಆ ಮಗ್ಗ ಆಡಿತು.

1799ರಲ್ಲಿ ಟಿಪ್ಪು ಸತ್ತ ಮೇಲೆ ಈ ದನಗಳು ಇಂಗ್ಲಿಷರ ಕೈ ಸೇರಿದವು. 1860ರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸಲೆಂದು ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿಸಿದರು. ದಂಡಿಗೆ ಒಳ್ಳೆಯ ಎತ್ತು ಸಿಗದೆ ತಪ್ಪು ಗೊತ್ತಾಗಿ 1866ರಲ್ಲಿ ಮತ್ತೆ ಶುರು ಮಾಡಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂತು. ಮಾರಿದ ದನವನ್ನು ಆರು ವರ್ಷದಲ್ಲಿ ಮತ್ತೆ ಕೂಡಿಸಬಹುದಿತ್ತು, ಏಕೆಂದರೆ ಕಾವಲುಗಳು ಹಾಗೇ ಇದ್ದವು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

1800ರಲ್ಲಿ ಡೇರೆ ಹೊತ್ತು ಬಂದ ಡಾಕ್ಟರು

ಟಿಪ್ಪು ಸತ್ತ ಮರುವರ್ಷ ನಮ್ಮ ಸೀಮೆಗೆ ಡೇರೆ ಹೊತ್ತುಕೊಂಡು ಒಬ್ಬ ಡಾಕ್ಟರು ಬಂದರು. ಫ್ರಾನ್ಸಿಸ್ ಬುಕಾನನ್, ಈಸ್ಟ್ ಇಂಡಿಯಾ ಕಂಪನಿಯವರು. ಹೊಸದಾಗಿ ಕೈಗೆ ಬಂದ ನಾಡಿನಲ್ಲಿ ಏನು ಬೆಳೆಯುತ್ತದೆ, ಜನ ಹೇಗಿದ್ದಾರೆ, ಕಂದಾಯ ಎಷ್ಟು ಎಂದು ನೋಡಿ ಬರೆಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವರನ್ನು ಕಳಿಸಿದ್ದರು. 1800ರಲ್ಲಿ ಶಿರಾ ಕಡೆಯಿಂದ ಇಳಿದು ಚಿಕ್ಕನಾಯಕನಹಳ್ಳಿ, ತುರುವೇಕೆರೆ ದಾರಿಯಾಗಿ ನಾಗಮಂಗಲದ ಕಡೆ ಹೋದರು. ಆ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಚಿಕ್ಕನಾಯಕನಹಳ್ಳಿಯ ತೆಂಗಿನ ಬಗ್ಗೆ ಅವರು ವಿವರವಾಗಿ ಬರೆದಿದ್ದಾರೆ. ನಾಲ್ಕು ಬಗೆಯ ತೆಂಗನ್ನು ಗುರುತಿಸಿದರು: ಕೆಂಪು, ಕೆಂಪು ಹಸಿರು ಬೆರೆತದ್ದು, ತಿಳಿಹಸಿರು, ಕಡುಹಸಿರು. ಇವತ್ತಿಗೂ ನಮ್ಮ ತೋಟದ ಹಿರಿಯರು ಎಳನೀರಿನ ಬಣ್ಣ ನೋಡಿ ಮರ ಗುರುತಿಸುವುದು ಹೆಚ್ಚುಕಡಿಮೆ ಹೀಗೇ.

ಅಂದರೆ 225 ವರ್ಷದ ಹಿಂದೆಯೇ ಈ ಸೀಮೆ ತೆಂಗಿನ ಸೀಮೆ. ಆದರೆ ಆ ತೋಟಗಳು ಇದ್ದದ್ದು ಹೆಚ್ಚಾಗಿ ಕೆರೆಯ ಕೆಳಗೆ, ಹಳ್ಳದ ಪಕ್ಕ, ಅಗೆದರೆ ನೀರು ಸಿಗುವ ತಗ್ಗಿನಲ್ಲಿ. ಮೇಲಿನ ದಿಣ್ಣೆಯೆಲ್ಲ ರಾಗಿ, ಹುರುಳಿ, ಹುಲ್ಲು, ಕುರುಚಲು. ಕೆಳಗೆ ನಿಂತ ಮರ, ಮೇಲೆ ಅಲೆಯುವ ದನ ಕುರಿ. ಎರಡೂ ಒಂದನ್ನೊಂದು ನೆಚ್ಚಿಕೊಂಡಿದ್ದವು. ಅದು ಹೇಗೆಂದು ಮುಂದೆ ಹೇಳುತ್ತೇವೆ.

ಡೇರೆಯವರು ಬುಕಾನನ್ ಒಬ್ಬರೇ ಅಲ್ಲ. ಅದೇ ವರ್ಷಗಳಲ್ಲಿ ಕಾಲಿನ್ ಮೆಕೆಂಜಿ ತಮ್ಮ ತಂಡದೊಂದಿಗೆ ಮೈಸೂರು ಸೀಮೆಯನ್ನು ಅಳೆದು ನಕ್ಷೆ ಮಾಡಿದರು. ಅವರ ನಂತರ ಜಮಾಬಂದಿಗೆ ಬರುವ ಅಮಲ್ದಾರರು, ಕೆರೆ ನೋಡಲು ಬರುವ ಎಂಜಿನಿಯರರು, ಶಾಸನ ಹುಡುಕುವವರು. ದೊರೆಗಳ ಡೇರೆಗೆ ಸೌದೆ, ಹಾಲು, ಕೋಳಿ ಒದಗಿಸುವುದು ಊರಿನ ತಳವಾರ ತೋಟಿಗಳ ತಲೆ ಮೇಲೆ ಬೀಳುತ್ತಿತ್ತು. ಸಾಹೇಬರ ಮೊಕ್ಕಾಂ ಎಂದರೆ ಊರಿಗೆ ಖರ್ಚು. ಕುರಿಯವರ ಮೊಕ್ಕಾಂ ಎಂದರೆ ಊರಿಗೆ ಗೊಬ್ಬರ. ಆದರೂ ಚರಿತ್ರೆಯ ಪುಸ್ತಕದಲ್ಲಿ ಹೆಸರು ಸಿಗುವುದು ಮೊದಲಿನವರದ್ದೇ.

ತಾಂಡ ಮತ್ತು ರೈಲು

ಹುಳಿಯಾರು ಕಡೆ, ಚಿಕ್ಕನಾಯಕನಹಳ್ಳಿ ಕಡೆ ಲಂಬಾಣಿ ತಾಂಡಗಳಿವೆ. ಈಗ ತಾಂಡ ಎಂದರೆ ಊರು. ಹಿಂದೆ ತಾಂಡ ಎಂದರೆ ನಡೆಯುವ ಬಿಡಾರ. ಎತ್ತಿನ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗಿಸುತ್ತಿದ್ದ ಜನ ಅವರು. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ಹೋದ ಕಾರ್ನ್‌ವಾಲಿಸನ ಸೈನ್ಯಕ್ಕೆ ದವಸ ತಂದುಕೊಟ್ಟವರು ಬಂಜಾರರು. ಸಾವಿರಾರು ಎತ್ತು ಒಟ್ಟಿಗೆ ಸಂಜೆ ಇಳಿಯಬೇಕಾದರೆ ಎಂಥ ಜಾಗ ಬೇಕು ಯೋಚಿಸಿ. ದೊಡ್ಡ ಕೆರೆ ಬೇಕು, ಸುತ್ತ ಬಯಲು ಬೇಕು.

ಆಮೇಲೆ ಗಾಡಿ ರಸ್ತೆ ಬಂತು, ರೈಲು ಬಂತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದು, 1889ರ ಹೊತ್ತಿಗೆ ತಿಪಟೂರು, ಅರಸೀಕೆರೆ ದಾಟಿ ಹರಿಹರದವರೆಗೆ ಹೋಯಿತು. ಹೇರೆತ್ತಿನ ಕಸುಬು ಮುಗಿಯಿತು, ತಾಂಡಗಳು ನಿಂತಲ್ಲೇ ನಿಂತವು. ಅದೇ ರೈಲಿನಿಂದ ತಿಪಟೂರಿನ ಕೊಬ್ಬರಿಗೆ ದೂರದ ದಾರಿ ತೆರೆಯಿತು. ಒಬ್ಬರ ಬಿಡಾರ ಕಿತ್ತ ರೈಲೇ ಇನ್ನೊಬ್ಬರ ತೋಟ ಬೆಳೆಸಿತು. ತಪ್ಪು ಯಾರದ್ದೂ ಅಲ್ಲ. ಆದರೆ ತೋಟ ಬೆಳೆದಂತೆ ಬಯಲು ಕಿರಿದಾಗುವುದು ಅಲ್ಲಿಂದಲೇ ಶುರು.

ಕಣಿವೆಗೆ ಕಟ್ಟೆ ಕಟ್ಟಿದ ಮೇಲೆ

ಬೋರನಕಣಿವೆಗೆ ವಾಪಸು ಬರೋಣ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಹುಳಿಯಾರಿಗೆ ಹತ್ತಿರ, ಗುಡ್ಡಗಳ ನಡುವೆ ಸುವರ್ಣಮುಖಿ ಹೊಳೆಗೆ ಅಡ್ಡ ಕಟ್ಟಿದ ಜಲಾಶಯ ಇದು. ಮೈಸೂರು ಸಂಸ್ಥಾನದ ಕಾಲದ್ದು, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ (1883ರಿಂದ 1901) ಆದ ಕೆಲಸ. ಅವರ ಕಾಲದಲ್ಲೇ ಹಿರಿಯೂರಿನ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರದ ಕೆಲಸವೂ ಶುರುವಾದದ್ದು.

ಇದರ ಹಿಂದೆ ಒಂದು ದೊಡ್ಡ ನೋವಿದೆ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ತಿಂದ ಬರ. ಧಾತು ಬರ ಎಂದು ಹಿರಿಯರು ಹೇಳುತ್ತಿದ್ದದ್ದು ಅದನ್ನೇ. ಸಂಸ್ಥಾನದಲ್ಲಿ ಲಕ್ಷಗಟ್ಟಲೆ ಜನ ಸತ್ತರು, ದನ ಕುರಿಗೆ ಲೆಕ್ಕವಿಲ್ಲ. ಆ ಬರ ಕಂಡ ಮೇಲೆ ಆಳುವವರು ಕೆರೆ, ಕಾಲುವೆ, ರೈಲಿಗೆ ಹೆಚ್ಚು ಗಮನ ಕೊಟ್ಟರು.

ಕಟ್ಟೆ ಕಟ್ಟಿದ್ದು ಬೇಸಾಯಕ್ಕೆ. ಆದರೆ ನೀರು ಏರಿ ಇಳಿಯುವ ಅಂಚಿನಲ್ಲಿ ಪ್ರತಿ ಬೇಸಿಗೆಗೂ ಹೊಸ ಹುಲ್ಲು ಬರುತ್ತದೆ. ಕುರಿಯವರಿಗೆ ಅದು ಹೊಸ ಬೇಸಿಗೆ ಕಾವಲಾಯಿತು. ಪುಸ್ತಕದಲ್ಲಿ ಯಾರೂ ಹಾಗೆ ಬರೆದಿಲ್ಲ. ಬಿಡಾರದ ಹಿರಿಯರ ಅಪ್ಪ, ಅಜ್ಜ ಅಲ್ಲಿ ಇಳಿದದ್ದು ಆ ಹುಲ್ಲಿಗೆ.

ಕಣಿವೆಯಿಂದಾಚೆ ಬುಕ್ಕಾಪಟ್ಟಣದ ಕಾಡಿದೆ. ಕುರುಚಲು ಕಾಡು ಎಂದು ಯಾರೂ ಬೆಲೆ ಕೊಡದಿದ್ದ ಆ ಜಾಗದಲ್ಲಿ ಚಿಂಕಾರ ಎಂಬ ಸಣ್ಣ ಜಿಂಕೆ ಇರುವುದು ಕ್ಯಾಮೆರಾದಲ್ಲಿ ಸಿಕ್ಕಿ, 2019ರಲ್ಲಿ ಅದು ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿ ಧಾಮವಾಯಿತು. ಬೆಂಗಳೂರಿನ ಹುಡುಗರು ಬರುವುದು ಗುಡ್ಡ, ಕಾಡು, ನೀರು ಒಟ್ಟಿಗೆ ಸಿಗುತ್ತದೆಂದು. ಅಂದಹಾಗೆ, ಧಾಮದ ಗಡಿಯೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯುವಂತಿಲ್ಲ. ಟೆಂಟಿನವರಿಗೂ ಕುರಿಯವರಿಗೂ ಅದೇ ಕಾನೂನು.

ಮಂದೆ ಇಳಿಯುವುದು ಎಂದರೆ

ಆ ರಾತ್ರಿ ನಾವು ಕುರಿಯವರ ಹತ್ತಿರವೇ ಉಳಿದೆವು. ಮುದ್ದೆ, ಹುರುಳಿ ಸಾರು ಹಾಕಿದರು. ಉಂಡ ಮೇಲೆ ಹಿರಿಯರು ಬಿಡಾರದ ಲೆಕ್ಕ ಹೇಳಿದರು.

ಇಳಿಯುವ ಜಾಗ ತುಸು ಎತ್ತರ ಇರಬೇಕು, ರಾತ್ರಿ ಮಳೆ ಬಂದರೆ ನೀರು ನಿಲ್ಲಬಾರದು. ತೀರ ನೀರಿನ ಪಕ್ಕ ಇಳಿಯಬಾರದು, ನೆಲ ತಂಪಿದ್ದರೆ ಕುರಿ ಕಾಲಿಗೆ ಕೆಡುಕು. ಗಾಳಿ ಯಾವ ಕಡೆಯಿಂದ ಬರುತ್ತದೋ ನೋಡಿಕೊಂಡು ಬೆಂಕಿ ಹಾಕಬೇಕು. ಹಿಂದೆ ಜಾಲಿ ಮುಳ್ಳು ಕಡಿದು ರೊಪ್ಪ ಕಟ್ಟುತ್ತಿದ್ದರು, ಈಗ ಬಲೆ. ಮರಿಗಳು ಬೇರೆ. ನಾಯಿ ಕಟ್ಟುವಂತಿಲ್ಲ. ಒಬ್ಬರು ಮಲಗಿದರೆ ಒಬ್ಬರು ಎದ್ದಿರಬೇಕು. ಮೊದಲು ಹೆದರಿಕೆ ತೋಳ, ಚಿರತೆಯದು. "ಈಗ ಕಳ್ಳರದ್ದೇ ಜಾಸ್ತಿ ಕಣಣ್ಣ, ಗಾಡಿ ತಂದು ತುಂಬ್ಕೊಂಡೇ ಹೋಗ್ತಾರೆ" ಎಂದರು.

ಬೆಳಿಗ್ಗೆ ಹೊರಡುವಾಗ ಬೆಂಕಿಗೆ ನೀರು ಹಾಕಬೇಕು, ಒಲೆಯ ಕಲ್ಲು ಪಕ್ಕಕ್ಕೆ ಇಡಬೇಕು. ಮುಂದಿನ ಸಲ ಬಂದಾಗ, ಅಥವಾ ಬೇರೆಯವರು ಬಂದಾಗ ಬೇಕಾಗುತ್ತದೆ.

ಇನ್ನು ತೆಂಗಿನ ಮಾತು. ಸುಗ್ಗಿ ಮುಗಿದ ಮೇಲೆ ಕುರಿಯವರನ್ನು ಕರೆದು ಹೊಲದಲ್ಲಿ, ತೋಟದಲ್ಲಿ ಮಂದೆ ನಿಲ್ಲಿಸುವುದು ನಮ್ಮ ಕಡೆಯ ಹಳೆಯ ಪದ್ಧತಿ. ಒಂದು ರಾತ್ರಿಗೆ ಇಷ್ಟು ರಾಗಿ, ಇಷ್ಟು ಕಾಯಿ, ಕುರಿಯವರಿಗೆ ಊಟ ಎಂದು ಮಾತಾಗುತ್ತಿತ್ತು. ಈಗ ದುಡ್ಡು. ಒಂದು ರಾತ್ರಿ ಈ ಸಾಲಿನಲ್ಲಿ, ಮರುರಾತ್ರಿ ಮುಂದಿನ ಸಾಲಿನಲ್ಲಿ ಹೀಗೆ ಸರಿಯುತ್ತಾ ಹೋದರೆ ಹಿಕ್ಕೆ, ಗಂಜಲ ಎರಡೂ ನೇರವಾಗಿ ಮರದ ಬುಡಕ್ಕೆ. ಹೊರುವ ಖರ್ಚಿಲ್ಲ.

ನಮ್ಮಲ್ಲೊಬ್ಬರ ಅಜ್ಜ ಕಡೇತನಕ ಒಂದು ಮಾತು ಹೇಳುತ್ತಿದ್ದರು: ಮಂದೆ ಬಿದ್ದ ವರ್ಷದ ಕೊಬ್ಬರಿ ಕೈಗೆ ಗೊತ್ತಾಗುತ್ತೆ. ತೂಕ ಬರುತ್ತೆ ಎಂದು ಅದರ ಅರ್ಥ. ಕುರಿಯವರು ಬರುವುದು ನಾಲ್ಕು ದಿನ ತಡವಾದರೆ ಅವರು ದಾರಿ ನೋಡುತ್ತಿದ್ದರು.

ಆದರೆ ತೋಟಕ್ಕೆ ಮಂದೆ ಬೇಕಿರುವುದು ವರ್ಷದಲ್ಲಿ ಕೆಲವೇ ದಿನ. ಮಿಕ್ಕ ದಿನ ಆ ಕುರಿ ಎಲ್ಲಿರಬೇಕು? ಕಾವಲಿನಲ್ಲಿ, ಗೋಮಾಳದಲ್ಲಿ, ಕೆರೆಯಂಗಳದಲ್ಲಿ, ಗುಡ್ಡದಲ್ಲಿ. ಆ ಜಾಗ ಉಳಿದರೆ ಮಾತ್ರ ಮಂದೆ ಉಳಿಯುತ್ತದೆ. ನಮ್ಮ ತೋಟದ ಗೊಬ್ಬರದ ಮೂಲ ನಮ್ಮ ತೋಟದಲ್ಲಿಲ್ಲ, ಊರ ಹೊರಗಿನ ಬಯಲಲ್ಲಿದೆ.

ಇಳಿಯುವ ಜಾಗ ಕರಗಿದ ಬಗೆ

ಆ ಬಯಲು ಒಂದೇ ದಿನದಲ್ಲಿ ಹೋಗಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ದಂಡಿಗೆ ಎತ್ತು ಬೇಕಿರಲಿಲ್ಲ, ಲಾರಿ ಇತ್ತು. 'ಹೆಚ್ಚು ಆಹಾರ ಬೆಳೆಯಿರಿ' ಎಂದು ಕಾವಲುಗಳನ್ನು ಸಾಗುವಳಿಗೆ ಕೊಟ್ಟರು. ಭೂಮಿ ಇಲ್ಲದವರಿಗೆ ಹಂಚಿದರು. ಅದು ಅನ್ಯಾಯ ಎಂದು ನಾವು ಹೇಳುವುದಿಲ್ಲ, ಎಷ್ಟೋ ಬಡವರ ಮನೆ ಅದರಿಂದ ನಿಂತಿದೆ. ಆದರೆ ಬಡವರ ಹೆಸರಿನಲ್ಲಿ ಬಲ್ಲಿದರೂ ಬೇಲಿ ಹಾಕಿಕೊಂಡರು. ಬೋರ್‌ವೆಲ್ ಬಂದ ಮೇಲೆ ತೆಂಗು ಅಡಿಕೆ ತಗ್ಗು ಬಿಟ್ಟು ದಿಣ್ಣೆ ಹತ್ತಿದವು. ಹುಲ್ಲಿದ್ದ ಕಡೆ ತಂತಿಬೇಲಿ ಬಂತು.

ಗುಡ್ಡದ ಕಥೆ ಬೇರೆ. ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರಿದೆ. 2000ದ ನಂತರ ಅದಿರಿನ ಬೆಲೆ ಏರಿದಾಗ ಆ ದಾರಿಯ ಲಾರಿಗಳ ಕೆಂಪು ಧೂಳು ತೆಂಗಿನ ಗರಿಯ ಮೇಲೆ ಕೂತದ್ದನ್ನು ನಮ್ಮ ವಯಸ್ಸಿನವರೆಲ್ಲ ನೋಡಿದ್ದೇವೆ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಿತು. ಆಗ ಧೂಳು ಕಡಿಮೆಯಾಯಿತು. ಆದರೆ ಅಗೆದ ಗುಡ್ಡದಲ್ಲಿ ಹಿಂದಿನಂತೆ ಹುಲ್ಲು ಬರುವುದಕ್ಕೆ ಕೋರ್ಟಿನ ಆದೇಶ ಸಾಲದು.

ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಹತ್ತಿರ ಬಿದರೆಹಳ್ಳ ಕಾವಲ್ ಇದೆ. ಅಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2016ರ ಜನವರಿಯಲ್ಲಿ ಅಡಿಗಲ್ಲು, 2023ರ ಫೆಬ್ರುವರಿಯಲ್ಲಿ ಉದ್ಘಾಟನೆ, ಎರಡಕ್ಕೂ ಪ್ರಧಾನಿ ಬಂದಿದ್ದರು. ದೇಶಕ್ಕೆ ಕಾರ್ಖಾನೆ ಬೇಕು. ಆದರೆ ಕಾರ್ಖಾನೆಗೆ ಜಾಗ ಹುಡುಕುವಾಗ ಮೊದಲು ಕಣ್ಣಿಗೆ ಬೀಳುವುದು ಕಾವಲೇ. ಚಳ್ಳಕೆರೆಯಲ್ಲೂ ಹೀಗೆಯೇ ಸಾವಿರಾರು ಎಕರೆ ಅಮೃತ್ ಮಹಲ್ ಕಾವಲು ರಕ್ಷಣಾ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಹೋಯಿತು. 'ಖಾಲಿ ಜಾಗ' ಎನ್ನುತ್ತಾರೆ. ವರ್ಷದಲ್ಲಿ ಎರಡು ತಿಂಗಳು ಅಲ್ಲಿ ಇಳಿಯುವವರು ಉಳಿದ ಹತ್ತು ತಿಂಗಳು ಕಾಣುವುದಿಲ್ಲವಲ್ಲ.

1860ರಲ್ಲಿ ದನ ಮಾರಿದ ಸರ್ಕಾರ 1866ರಲ್ಲಿ ತಪ್ಪು ತಿದ್ದಿಕೊಂಡಿತು ಎಂದೆವು. ಈಗ ಹಾಗೆ ತಿದ್ದಿಕೊಳ್ಳಲು ಆಗುವುದಿಲ್ಲ. ಹೋಗಿರುವುದು ದನವಲ್ಲ, ನೆಲ. ಹಳ್ಳಿಕಾರ್ ತಳಿ ಉಳಿಸಲು ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲಿ ಸರ್ಕಾರದ ತಳಿ ಸಂವರ್ಧನಾ ಕೇಂದ್ರ ಇದೆ. ಒಳ್ಳೆಯ ಕೆಲಸ. ಆದರೆ ಬಯಲನ್ನು ಫಾರಂನಲ್ಲಿ ಇಟ್ಟು ಸಾಕಲಾಗುವುದಿಲ್ಲ.

ಕಾನೂನಿನಲ್ಲಿ ಇನ್ನೂ ಇರುವುದು

ಎಲ್ಲ ಮುಗಿಯಿತು ಎಂದು ಕೈ ಚೆಲ್ಲಬೇಕಾಗಿಲ್ಲ.

ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 71ನೇ ಕಲಂ ಪ್ರಕಾರ ಸರ್ಕಾರಿ ಜಮೀನನ್ನು ದನ ಮೇಯಲು ಮೀಸಲಿಡಬಹುದು. 1966ರ ನಿಯಮಗಳ 97ನೇ ನಿಯಮ ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು ಎನ್ನುತ್ತದೆ. 2011ರ ಜನವರಿಯಲ್ಲಿ ಜಗ್ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಊರೊಟ್ಟಿನ ಜಾಗ, ಕೆರೆಗಳ ಒತ್ತುವರಿ ತೆರವು ಮಾಡಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕೆಂದು ಹೇಳಿದೆ. ವಲಸೆ ಕುರಿಗಾಹಿಗಳ ರಕ್ಷಣೆಗೆಂದೇ 2025ರಲ್ಲಿ ರಾಜ್ಯ ಸರ್ಕಾರ ವಿಧಾನಮಂಡಲದಲ್ಲಿ ಮಸೂದೆ ತಂದಿತು.

ಆದರೆ ಕಾನೂನಿಗೆ ಕಣ್ಣು ನೀವು. ನಿಮ್ಮೂರ ಗೋಮಾಳ ಎಷ್ಟು, ಯಾವ ಸರ್ವೆ ನಂಬರು, ಈಗ ಯಾರ ಬೇಲಿಯೊಳಗಿದೆ ಎಂದು ಗ್ರಾಮಸಭೆಯಲ್ಲಿ ಕೇಳಬಹುದು. ಊರಿನ ದನದ ಲೆಕ್ಕ ಪಶು ಆಸ್ಪತ್ರೆಯಲ್ಲಿ ಸಿಗುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಕೆರೆ ಅಭಿವೃದ್ಧಿ ಎಂದು ಸುತ್ತ ಬೇಲಿ, ವಾಕಿಂಗ್ ಪಾತ್, ಬೆಂಚು ಹಾಕುವ ಯೋಜನೆ ಬಂದಾಗ, ದನ ಕುರಿ ನೀರಿಗೆ ಇಳಿಯುವ ದಾರಿ ಎಲ್ಲಿ ಎಂದು ನಕ್ಷೆಯಲ್ಲಿ ತೋರಿಸಲು ಹೇಳಿ. ನಮ್ಮ ಪಕ್ಕದ ಊರಿನಲ್ಲಿ ಯಾರೂ ಕೇಳಲಿಲ್ಲ. ಬೇಲಿ ಬಿತ್ತು. ಹೋದ ವರ್ಷ ಕುರಿಯವರು ಆ ಊರು ಬಿಟ್ಟು ಸುತ್ತಿಕೊಂಡು ಹೋದರು. ತೋಟದವರು ಗೊಬ್ಬರಕ್ಕೆ ಟ್ರ್ಯಾಕ್ಟರ್ ಕಳಿಸಿದರು.

ಬೆಳಿಗ್ಗೆ

ಬೆಳಿಗ್ಗೆ ಟೆಂಟಿನ ಹುಡುಗರು ಎದ್ದು ಬರುವ ಹೊತ್ತಿಗೆ ಕುರಿಯವರು ಬಲೆ ಸುತ್ತಿ ಕತ್ತೆ ಮೇಲೆ ಹೇರಿದ್ದರು. ಹುಡುಗರಲ್ಲೊಬ್ಬ ಹತ್ತಿರ ಬಂದು, "ತಾತ, ನಾಳೆ ಎಲ್ಲಿ ಇರ್ತೀರ?" ಎಂದು ಕೇಳಿದ.

"ಯಾರು ಇಳಿಯೋಕೆ ಬಿಡ್ತಾರೋ ಅಲ್ಲಿ ಕಣಪ್ಪ" ಎಂದರು ಹಿರಿಯರು.

ಅವರು ಹೋದ ಮೇಲೆ ಆ ಜಾಗಕ್ಕೆ ಹೋಗಿ ನೋಡಿದೆವು. ತಣ್ಣಗಾದ ಬೂದಿ, ಒಂದು ಪಕ್ಕಕ್ಕೆ ಜೋಡಿಸಿಟ್ಟ ಮೂರು ಕಲ್ಲು, ನೆಲದ ತುಂಬ ಹಿಕ್ಕೆ. ಪಕ್ಕದ ತೋಟದ ಯಜಮಾನರೊಬ್ಬರು ಆಗಲೇ ಪುಟ್ಟಿ, ಪೊರಕೆ ಹಿಡಿದು ಬಂದಿದ್ದರು.

"ಒಂದಿನ ತೋಟಕ್ಕೇ ಕರ್ಕೊಂಡ್ ಬರೋಣ ಅಂತಿದ್ದೆ, ಹೊರಟೇಬಿಟ್ರಾ?" ಎಂದು ಅವರು ಕಣಿವೆಯ ಕಡೆ ನೋಡಿದರು. ಮಂದೆಯ ಧೂಳು ಇನ್ನೂ ಕಾಣುತ್ತಿತ್ತು. ಪುಟ್ಟಿ ಅಲ್ಲೇ ಇಟ್ಟು, ಅವರನ್ನು ಕೂಗುತ್ತಾ ಹಿಂದೆ ಓಡಿದರು.